ಊರಿನ ದಫ್ತರ ಕಾಯುವವರು



ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿ ಎಂದರೆ ಭೀಮಾ ದಂಡೆಯ ಚಂದ್ರಲಾಂಬೆಯ ಕ್ಷೇತ್ರ ಎಂದು ನಮ್ಮ ಭಾಗದ ಎಲ್ಲರಿಗೂ ಗೊತ್ತು. ಆ ಊರಿನ ಸುತ್ತಲ ಹೊಲಗಳಲ್ಲಿ ಬೌದ್ಧರ ಕಾಲದ ಅವಶೇಷಗಳು ಹುದುಗಿವೆ ಎಂಬುದನ್ನು ಗುರುತಿಸಿ, 1954ರಲ್ಲಿ ವಿದ್ವಾಂಸರ ಗಮನಕ್ಕೆ ತಂದವರು ಕಪಟರಾಳ ಕೃಷ್ಣರಾಯರು. ಅವರು ಈ ಭಾಗದ ವಿದ್ವಾಂಸರು. ಸುರಪುರ ಸಂಸ್ಥಾನದ ಇತಿಹಾಸ ಬರೆದವರು, ಕರ್ನಾಟಕದ ಲಾಕುಳ ಶೈವರ ಚರಿತ್ರೆಯನ್ನು ಕಟ್ಟಿಕೊಟ್ಟವರು. ಸನ್ನತಿಯ ಹೆಸರು ಇಂದು ದೇಶವಿದೇಶಗಳ ಗ್ರಂಥಗಳಲ್ಲಿದೆ. ಕೃಷ್ಣರಾಯರ ಹೆಸರು ಆ ಗ್ರಂಥಗಳ ಮುನ್ನುಡಿಯ ಒಂದು ಸಾಲಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಊರಿನ ಇತಿಹಾಸಕಾರನ ಪಾಲಿಗೆ ಬಹಳ ಸಲ ನಿಜವಾಗಿದೆ. ಅವರಂಥವರ ಬದುಕಿನ ಕೆಲಸ ಎಂಥದು, ಅದಿಲ್ಲದೆ ಹೋದರೆ ಏನು ನಷ್ಟ ಎಂಬುದನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನೆಲದ ಮೇಲೆ ನಿಂತು ಇವತ್ತು ವಿಚಾರ ಮಾಡೋಣ. ನನ್ನ ವಾದ ಇಷ್ಟು: ದಾಖಲೆ ಇರುವ ನೆಲದಲ್ಲೇ ಅದನ್ನು ಗುರುತಿಸಿ, ಪಟ್ಟಿ ಮಾಡಿ, ಕಾಯುವವರೊಬ್ಬರು ನೆಲೆಸಿರಬೇಕು. ಅವರಿಲ್ಲದಿದ್ದರೆ ಹೊರಗಿನ ಎಂಥ ಪಾಂಡಿತ್ಯವೂ ತಡವಾಗಿ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ.

ಇದು ನಮ್ಮ ನೆಲಕ್ಕೆ ಹೊಸ ವಿಚಾರವೂ ಅಲ್ಲ. ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯ 1058ರ ಶಾಸನವನ್ನು ನೋಡಿ. ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನ ಅಲ್ಲಿಯ ಘಟಿಕಾಸ್ಥಾನಕ್ಕೆ ಮಾಡಿಕೊಟ್ಟ ಏರ್ಪಾಡಿನ ವಿವರ ಅದರಲ್ಲಿದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50ರಷ್ಟು ವಿದ್ಯಾರ್ಥಿಗಳು; ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇಷ್ಟು ಹೇಳಿ ಶಾಸನ ನಿಲ್ಲುವುದಿಲ್ಲ. ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಅಂದರೆ ಗ್ರಂಥಗಳನ್ನು ಕಾಯುವವರನ್ನೂ ಹೆಸರಿಸುತ್ತದೆ. ಪಾಠ ಹೇಳುವವರು ಆರು, ಪುಸ್ತಕ ಕಾಯುವವರೂ ಆರು. ಓಲೆಗರಿಯ ಕಾಲದಲ್ಲಿ ಕಾಯುವುದೆಂದರೆ ಬೀಗ ಹಾಕಿ ಕೂರುವುದಲ್ಲ. ಗರಿಗೆ ಎಣ್ಣೆ ಸವರಬೇಕು, ಹುಳ ಬೀಳದಂತೆ ನೋಡಬೇಕು, ಮುರಿದ ಗರಿಯನ್ನು ಹೊಸ ಗರಿಗೆ ಪ್ರತಿ ಮಾಡಬೇಕು, ಯಾವ ಕಟ್ಟು ಯಾರ ಕೈಯಲ್ಲಿದೆ ಎಂಬ ನೆನಪಿಟ್ಟಿರಬೇಕು. ಅದು ದಿನವಿಡೀ ಮಾಡುವ ಕೆಲಸ, ಬದುಕಿಡೀ ಮಾಡುವ ಕೆಲಸ. ಅದಕ್ಕೇ ಅವರಿಗೂ ಅಧ್ಯಾಪಕರ ಸಾಲಿನಲ್ಲೇ ಸ್ಥಾನ. ಆ ಗ್ರಂಥಗಳಲ್ಲಿ ಒಂದು ಗರಿಯೂ ಇಂದು ನಮ್ಮ ಕೈಯಲ್ಲಿಲ್ಲ. ಅವು ಇದ್ದವು ಎಂದು ಹೇಳುವ ಕಲ್ಲು ಮಾತ್ರ ಉಳಿದಿದೆ. ಆ ಕಲ್ಲಿನ ಓದು ಕೂಡ ಅಚ್ಚಿಗೆ ಬಂದದ್ದು 1928ರಲ್ಲಿ, ಹೈದರಾಬಾದ್ ಪುರಾತತ್ವ ಮಾಲೆಯ 8ನೆಯ ಪುಸ್ತಕವಾಗಿ, ಸಿ.ಆರ್. ಕೃಷ್ಣಮಾಚಾರ್ಲು ಅವರ ಸಂಪಾದನೆಯಲ್ಲಿ. ನಡುವಿನ 870 ವರ್ಷಗಳಲ್ಲಿ ಬಹುಕಾಲ ಅದು ಓದುವವರಿಲ್ಲದೆ ನಿಂತಿತ್ತು. ಕಲ್ಲಾದ್ದರಿಂದ ನಿಂತಿತು. ಕಾಗದವಾಗಿದ್ದರೆ?

ಕಾಯುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸೇಡಂ ತಾಲ್ಲೂಕಿನ ಮಳಖೇಡಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕಾಗಿಣಾ ದಂಡೆಯ ಆ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಅಲ್ಲಿಂದ ಆಳಿದ. ಶ್ರೀವಿಜಯನ ಕವಿರಾಜಮಾರ್ಗ ಆ ಆಸ್ಥಾನದ ಕೃತಿ. ಪುಷ್ಪದಂತ ಅಪಭ್ರಂಶದ ಮಹಾಪುರಾಣ ಬರೆದದ್ದೂ ಅಲ್ಲೇ. ಇಂಥ ರಾಜಧಾನಿಯಲ್ಲಿ ದಾನಪತ್ರ, ಲೆಕ್ಕಪತ್ರ, ಸಂಧಿಪತ್ರಗಳ ಭಂಡಾರ ಇಲ್ಲದಿರಲು ಸಾಧ್ಯವಿಲ್ಲ. ಆದರೆ ಅಮೋಘವರ್ಷನ ಕುರಿತು ಬಹಳ ವಿವರ ಕೊಡುವ ತಾಮ್ರಪಟ ಸಿಕ್ಕಿದ್ದು ಗುಜರಾತಿನ ಸಂಜಾನದಲ್ಲಿ. 871ರ ಆ ಪಟಗಳೇ ಅವನ ಮನೆತನದ ಕಥೆಯನ್ನೂ, ನಾಡಿಗೆ ಬಂದ ಆಪತ್ತು ಕಳೆಯಲೆಂದು ಅವನು ಮಹಾಲಕ್ಷ್ಮಿಗೆ ತನ್ನ ಎಡಗೈ ಬೆರಳನ್ನು ಅರ್ಪಿಸಿದ ಸಂಗತಿಯನ್ನೂ ಹೇಳುವುದು. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಎಷ್ಟೋ ಮಹಾರಾಷ್ಟ್ರದಲ್ಲಿ, ಗುಜರಾತಿನಲ್ಲಿ ಸಿಕ್ಕಿವೆ. ಕಾರಣ ಸರಳ. ದಾನ ಪಡೆದವರು ಹಕ್ಕಿನ ಪತ್ರವೆಂದು ತಲೆಮಾರುಗಟ್ಟಲೆ ಜೋಪಾನ ಮಾಡಿದರು, ಹೊಲದಲ್ಲಿ ಹೂತಾದರೂ ಉಳಿಸಿದರು. ದಾನ ಕೊಟ್ಟ ಅರಮನೆಯ ಪ್ರತಿ 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆಮಾಡಿದ ಮೇಲೆ ಹೇಳಹೆಸರಿಲ್ಲದಂತೆ ಹೋಯಿತು. ಸಾಮ್ರಾಜ್ಯದ ಬಲದಿಂದ ದಾಖಲೆ ಉಳಿಯುವುದಿಲ್ಲ. ಅದು ತನಗೆ ಬೇಕು ಎಂದುಕೊಂಡ ಮನೆಯವರಿಂದ ಉಳಿಯುತ್ತದೆ. ಊರಿನ ಇತಿಹಾಸಕಾರ ಮಾಡುವ ಮೊದಲ ಕೆಲಸವೇ ಈ ಬೇಕು ಎಂಬ ಭಾವನೆಯನ್ನು ಒಂದು ಮನೆಯಿಂದ ಇಡೀ ಊರಿಗೆ ಹರಡುವುದು.

ಈಗ ಸನ್ನತಿಗೆ ಬರೋಣ. ಕೃಷ್ಣರಾಯರು 1954ರಲ್ಲಿ ಗಮನ ಸೆಳೆದ ಮೇಲೆ ಒಬ್ಬೊಬ್ಬರಾಗಿ ವಿದ್ವಾಂಸರು ಬಂದರು, ಶಾತವಾಹನರ ಕಾಲದ ಶಿಲ್ಪಗಳನ್ನೂ ಬರಹಗಳನ್ನೂ ನೋಡಿದರು, ಬರೆದರು. 1980ರ ದಶಕದಲ್ಲಿ ಉತ್ಖನನ ನಡೆಯಿತು. ಅದೇ ದಶಕದಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಆ ಮೂರ್ತಿಗೆ ಪೀಠವಾಗಿದ್ದ ಹಾಸುಗಲ್ಲನ್ನು ನೋಡಿದರೆ ಅದರ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅಶೋಕನ 12 ಮತ್ತು 14ನೆಯ ಬಂಡೆ ಶಾಸನಗಳ ಭಾಗಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಆ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದವು. ಯುದ್ಧದಲ್ಲಿ ನೊಂದ ಕಳಿಂಗದ ಪ್ರಜೆಗಳಿಗೆಂದೇ ಅವನ್ನು ಬರೆಸಿದ ಎಂದು ಎಲ್ಲರೂ ನಂಬಿದ್ದರು. ಭೀಮಾ ದಂಡೆಯ ಒಂದು ಹಾಸುಗಲ್ಲು ಆ ನಂಬಿಕೆಯನ್ನು ಮತ್ತೆ ಪರೀಕ್ಷೆಗೆ ಒಡ್ಡಿತು. ಕೇಂಬ್ರಿಡ್ಜಿನ ಕೆ.ಆರ್. ನಾರ್ಮನ್ 1991ರಲ್ಲಿ ಇದರ ಪಾಠವನ್ನು ಚರ್ಚಿಸಿ ಬರೆದರು. ಕಲ್ಲನ್ನು ಹತ್ತಿರದಿಂದ ನೋಡಿದರೆ ನಡುವೆ ಮೂರ್ತಿಯ ಗೂಟ ಕೂರಿಸಲು ಕೊರೆದ ಚೌಕದ ಕುಳಿ ಕಾಣುತ್ತದೆ. ಆ ಕುಳಿಯಲ್ಲಿದ್ದ ಅಕ್ಷರಗಳು ಎರಡೂ ಮೈಯಲ್ಲಿ ಹೋಗಿಬಿಟ್ಟಿವೆ. ಸುತ್ತಲ ಸಾಲುಗಳು ಕುಳಿಯ ಅಂಚಿಗೆ ಬಂದು ತುಂಡಾಗುತ್ತವೆ, ಆಚೆ ಅಂಚಿನಿಂದ ಮತ್ತೆ ಶುರುವಾಗುತ್ತವೆ. ಕುಳಿ ಕೊರೆದ ಕಲ್ಲುಕುಟಿಗನನ್ನು ದೂರುವ ಕಾರಣವಿಲ್ಲ. ಅವನ ಕಾಲಕ್ಕೆ ಆ ಅಕ್ಷರ ಓದಬಲ್ಲವರು ನಾಡಿನಲ್ಲೇ ಇರಲಿಲ್ಲ. ಅವನು ಅದನ್ನು ದೇವಿಯ ಪೀಠ ಮಾಡಿದ್ದರಿಂದಲೇ ಅದು ಒಡೆದು ಗೋಡೆಯ ಪಾಲಾಗದೆ ಉಳಿಯಿತು. ನಷ್ಟ ಮಾಡಿದ ಕೈಯೂ ಅದೇ, ಉಳಿಸಿದ ಕೈಯೂ ಅದೇ. ಆದರೆ ಅಶೋಕ ತನ್ನ ಶಾಸನಗಳ ಸರಣಿಯನ್ನು ಒಂದೇ ಹಾಸುಗಲ್ಲಿನ ಮೇಲೆ ಬರೆಸಿರಲಾರ. ಉಳಿದ ಕಲ್ಲುಗಳು ಎಲ್ಲಿ ಹೋದವು ಎಂಬ ಪ್ರಶ್ನೆ ಎದುರಿಗೇ ನಿಂತಿದೆ, ಅದಕ್ಕೆ ಉತ್ತರ ಹುಡುಕಬೇಕಾದವರು ಆ ಸೀಮೆಯ ಪ್ರತಿ ಕಟ್ಟೆ, ಪ್ರತಿ ಹೊಸ್ತಿಲು, ಪ್ರತಿ ಬಾವಿಯ ಮೆಟ್ಟಿಲನ್ನು ಬಲ್ಲವರು.

ಹತ್ತಿರದ ಕನಗನಹಳ್ಳಿಯ ಮಾತೂ ಇದಕ್ಕೆ ಸೇರಿದ್ದೇ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಹೊರಬಂತು. ರಾಣಿ, ಪರಿಚಾರಿಕೆಯರ ನಡುವೆ ನಿಂತ ರಾಜನ ಶಿಲ್ಪದ ಮೇಲೆ ರಾಯೋ ಅಸೋಕೋ ಎಂದು ಬ್ರಾಹ್ಮಿಯಲ್ಲಿ ಹೆಸರು ಕೆತ್ತಿತ್ತು. ಹೆಸರು ಸಮೇತ ಅಶೋಕನ ಮುಖ ತೋರಿಸಿದ ಕಲ್ಲು ಅದು. ಆ ಸ್ತೂಪದ ನೂರಾರು ಬರಹಗಳು ರಾಜರಿಗಿಂತ ಹೆಚ್ಚಾಗಿ ಸಾಮಾನ್ಯರ ಹೆಸರು ಹೇಳುತ್ತವೆ. ಇಂಥವರ ಮಗ, ಇಂಥವರ ಹೆಂಡತಿ, ಇಂಥ ಭಿಕ್ಷು ಈ ಕಲ್ಲನ್ನು ಕೊಟ್ಟರು ಎಂಬ ಒಂದೊಂದು ಸಾಲಿನ ದಾಖಲೆಗಳು ಅವು. ಎರಡು ಸಾವಿರ ವರ್ಷದ ಹಿಂದಿನ ಚಂದಾದಾರರ ಪಟ್ಟಿ ಎಂದರೂ ಸರಿ. ನಮ್ಮ ದೇಶದ ಚರಿತ್ರೆಯಲ್ಲಿ ರಾಜರ ಕಥೆ ಮಾತ್ರ ಇದೆ, ಜನರ ಕಥೆ ಇಲ್ಲ ಎಂದು ದೂರುವವರಿಗೆ ಉತ್ತರ ನಮ್ಮ ತಾಲ್ಲೂಕಿನ ಕಲ್ಲುಗಳ ಮೇಲೇ ಇದೆ. ಆದರೂ ಅಗೆದು ತೆಗೆದ ಶಿಲ್ಪಗಳು ಬಹುಕಾಲ ಅಲ್ಲೇ ಬಯಲಿನಲ್ಲಿದ್ದವು. ಕಂಡುಹಿಡಿಯುವುದು ಒಂದು ಕೆಲಸ, ಕಾಯುವುದು ಮತ್ತೊಂದು. ಮೊದಲನೆಯದಕ್ಕೆ ಸಿಗುವ ಕೀರ್ತಿ ಎರಡನೆಯದಕ್ಕೆ ಸಿಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದ ಆಕ್ಷೇಪವೇ. ಈ ಭಾಗದ ದೊಡ್ಡ ಶೋಧಗಳನ್ನು ಮಾಡಿದವರು ಹೊರಗಿನವರಲ್ಲವೇ? 1850ರ ಆಸುಪಾಸಿನಲ್ಲಿ ಜೇವರ್ಗಿಯ ಬಳಿ ಬೃಹತ್ ಶಿಲಾಯುಗದ ಸಮಾಧಿಗಳನ್ನು ಅಗೆದು ಬರೆದವನು ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. ಹುಣಸಗಿ ಕಣಿವೆಯಲ್ಲಿ ಆದಿಮಾನವನ ನೆಲೆಗಳನ್ನು ಬೆಳಕಿಗೆ ತಂದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ಅಲ್ಲಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷದ ಹಿಂದೆ ಮನುಷ್ಯರು ಸುಣ್ಣಕಲ್ಲಿನ ಹಲಗೆಗಳಿಂದ ಕೈಕೊಡಲಿ ಮಾಡುತ್ತಿದ್ದರು ಎಂದು ತೋರಿಸಿದವರು ಅವರೇ. ಹೈದರಾಬಾದ್ ಸಂಸ್ಥಾನದಲ್ಲಿ ಪುರಾತತ್ವ ಇಲಾಖೆಯನ್ನು 1914ರಿಂದ ಕಟ್ಟಿದವರು ಗುಲಾಂ ಯಾಜ್ದಾನಿ. ಇವರಲ್ಲಿ ಯಾರೂ ಸೇಡಂ, ಚಿತ್ತಾಪುರದವರಲ್ಲ. ಒಪ್ಪಬೇಕಾದ ಮಾತು. ಆದರೆ ಆ ಹೆಸರುಗಳನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಟೇಲರ್ 1841ರಿಂದ ಹನ್ನೆರಡು ವರ್ಷದಷ್ಟು ಸುರಪುರದಲ್ಲಿ ಇದ್ದವನು, ಅಲ್ಲಿಯ ಹಾದಿ, ಕೆರೆ, ಜನ ಎಲ್ಲವನ್ನೂ ಬಲ್ಲವನು. ಪದ್ದಯ್ಯನವರು ಒಂದು ಸಲ ಬಂದು ಕಂಡು ಹೋದವರಲ್ಲ. ದಶಕಗಳ ಕಾಲ ವರ್ಷ ವರ್ಷವೂ ಅದೇ ಹೊಲಗಳಿಗೆ ಮರಳಿದವರು. ಹುಟ್ಟಿದ ಊರು ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ನೆಲೆ ನಿಂತು, ಮರಳಿ ಮರಳಿ ನೋಡಿದ್ದು ಮುಖ್ಯ. ಸ್ಥಳೀಯ ಇತಿಹಾಸಕಾರ ಎಂದು ನಾನು ಕರೆಯುವುದು ಆ ನಿಲ್ಲುವಿಕೆಯನ್ನು. ಊರಲ್ಲೇ ಹುಟ್ಟಿ, ಊರ ಮುಂದಿನ ವೀರಗಲ್ಲನ್ನು ಒಮ್ಮೆಯೂ ತಿರುಗಿ ನೋಡದವನಿಗೆ ಆ ಹೆಸರು ಸಲ್ಲದು.

ಪಿ.ಬಿ. ದೇಸಾಯಿಯವರ ಕೆಲಸ ಇದನ್ನೇ ಇನ್ನೊಂದು ಕಡೆಯಿಂದ ತೋರಿಸುತ್ತದೆ. ಶಾಸನಶಾಸ್ತ್ರದಲ್ಲಿ ಪಳಗಿದ ಅವರು ಹಳೆಯ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಊರೂರಿನ ಶಾಸನಗಳನ್ನು ಓದಿ, 1957ರಲ್ಲಿ ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಗ್ರಂಥವನ್ನೂ, 1958ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಆ ಜಿಲ್ಲೆಗಳ ಶಾಸನ ಸಂಕಲನವನ್ನೂ ಪ್ರಕಟಿಸಿದರು. ಅವರ ಓದಿನಿಂದ ತಿಳಿದ ಒಂದು ಸಂಗತಿ ಹೇಳಲೇಬೇಕು. 12ನೆಯ ಶತಮಾನದ ಸೇಡಂನಲ್ಲಿ, ಆಗಿನ ಸೇಡಿಂಬದಲ್ಲಿ, ಅಗ್ರಹಾರದ 300 ಮಹಾಜನರೇ ಸೇರಿ ಶಾಂತಿನಾಥ ತೀರ್ಥಂಕರನ ಬಸದಿ ಕಟ್ಟಿಸಿದರು. ವೈದಿಕ ವಿದ್ಯೆಯ ಬ್ರಾಹ್ಮಣರು ಜೈನ ಬಸದಿಗೆ ಕಲ್ಲು ಇಡಿಸಿದ ಊರು ಅದು. ಆ ಕಾಲದಲ್ಲಿ ಮತಮತಗಳ ನಡುವೆ ಇದ್ದದ್ದು ಬರೀ ಜಗಳ ಎಂದು ಒಂದೇ ಬಣ್ಣದಲ್ಲಿ ಬರೆಯುವ ಪಠ್ಯಪುಸ್ತಕಕ್ಕೆ ಸೇಡಂನ ಈ ಕಲ್ಲು ಎದುರಾಡುತ್ತದೆ. ಹಾಗೆಂದು ಜಗಳವೇ ಇರಲಿಲ್ಲ ಎಂದು ಸಾಧಿಸಲೂ ಅದು ಸಾಲದು. ಬೇರೆ ಊರುಗಳ ಶಾಸನಗಳಲ್ಲಿ ಬೇರೆ ಮಾತೂ ಇದೆ. ಊರೂರಿನ ದಾಖಲೆಯಿಂದ ಆಗುವ ಉಪಕಾರ ಇದೇ: ದೊಡ್ಡ ಹೇಳಿಕೆಗಳನ್ನು ಅದು ಊರಿಗೆ ತಂದು ನಿಲ್ಲಿಸಿ ಅಳೆಯುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಊರಿನವನು ಬರೆದ ಊರಿನ ಇತಿಹಾಸದಲ್ಲಿ ಅಭಿಮಾನ ಹೆಚ್ಚು, ಪ್ರಮಾಣ ಕಡಿಮೆ ಎನ್ನುತ್ತಾರೆ. ತನ್ನ ಮನೆತನ, ತನ್ನ ಜಾತಿ, ತನ್ನ ಮಠವನ್ನು ಎತ್ತಿ ಹಿಡಿಯುವುದು, ಸ್ಥಳಪುರಾಣವನ್ನೇ ಚರಿತ್ರೆ ಎಂದು ನಂಬಿಸುವುದು, ಕಂಡ ಕಲ್ಲಿಗೆಲ್ಲ ಪಾಂಡವರ ಹೆಸರು ಕಟ್ಟುವುದು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದಕ್ಕೆ ಮದ್ದು ಊರಿನವರ ಕೈಯಿಂದ ಲೇಖನಿ ಕಿತ್ತುಕೊಳ್ಳುವುದಲ್ಲ. ಕಥೆ ಹೇಳುವ ಮೊದಲು ಪಟ್ಟಿ ಮಾಡುವ ಶಿಸ್ತನ್ನು ಕಲಿಸುವುದು. ದಾಖಲೆ ಕಾಯುವವನು ಮೊದಲು, ಇತಿಹಾಸಕಾರ ಆಮೇಲೆ. ಕಲ್ಲು ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಸಾಲು, ಎಷ್ಟು ಸವೆದಿದೆ. ಕಾಗದ ಯಾರ ಮನೆಯದು, ಯಾವ ಕಟ್ಟಿನಲ್ಲಿತ್ತು, ಯಾವ ಲಿಪಿ, ಮೊಹರು ಇದೆಯೋ ಇಲ್ಲವೋ: ಇಷ್ಟನ್ನು ಬರೆದಿಟ್ಟರೆ ಮುಂದೆ ಬರುವ ಯಾರೇ ಆದರೂ ಆ ಊರಿನವನ ತೀರ್ಮಾನವನ್ನು ಒಪ್ಪದೆಯೂ ಅವನ ಕೆಲಸವನ್ನು ಬಳಸಬಹುದು. ಕೃಷ್ಣರಾಯರ ಲಾಕುಳ ಶೈವರ ಚರಿತ್ರೆಯ ವಿಷಯವನ್ನೇ ನೋಡಿ. ಲಾಕುಳ ಶೈವರಾದ ಕಾಳಾಮುಖರ ಸ್ವಂತ ಗ್ರಂಥಗಳು ಉಳಿದಿಲ್ಲ. ಅವರ ಮಠ, ಗುರುಪರಂಪರೆ, ಪಾಠದ ವಿಷಯ ಎಲ್ಲವೂ ನಮಗೆ ತಿಳಿದದ್ದು ಗುಡಿಗಳಿಗೆ ಬಿಟ್ಟ ದತ್ತಿಯ ಶಾಸನಗಳಿಂದ. ಒಂದೊಂದು ಊರಿನ ಒಂದೊಂದು ಕಲ್ಲನ್ನು ಜೋಡಿಸದೆ ಆ ಚರಿತ್ರೆಗೆ ಬೇರೆ ದಾರಿಯೇ ಇರಲಿಲ್ಲ. ಅಭಿಮಾನ ಇದ್ದರೂ ಇರಲಿ, ಪ್ರಮಾಣ ಮುಂದೆ ಇಟ್ಟಿರಲಿ. ದೂರದ ವಿದ್ವಾಂಸನಿಗೂ ಅಭಿಮಾನ ಇರುತ್ತದೆ. ಅದು ಊರಿನದಲ್ಲ, ತನ್ನ ಸಿದ್ಧಾಂತದ್ದು.

ಇಲ್ಲಿಯವರೆಗೆ ಕಲ್ಲಿನ ಮಾತಾಯಿತು. ನಮ್ಮ ಭಾಗದ ನಿಜವಾದ ಆತಂಕ ಇರುವುದು ಕಾಗದದಲ್ಲಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಸಂಸ್ಥಾನದವರು, 1956ರವರೆಗೆ ಹೈದರಾಬಾದ್ ರಾಜ್ಯದವರು. ಕಂದಾಯ, ನ್ಯಾಯ, ಇನಾಂ, ಜಾಗೀರು, ಪೈಗಾಗಳ ಕಾಗದವೆಲ್ಲ ಮೊದಲು ಫಾರ್ಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿ. ಕುಲಕರ್ಣಿಗಳ ಮನೆಯ ಹಳೆಯ ಲೆಕ್ಕ ಎಷ್ಟೋ ಕಡೆ ಮೋಡಿ ಲಿಪಿಯಲ್ಲಿ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಊರು ಇತ್ತ ಬಂತು, ರಾಜಧಾನಿಯ ದಫ್ತರ ಅತ್ತ ಉಳಿಯಿತು. ಕಲಬುರಗಿ ಜಿಲ್ಲೆಯಲ್ಲೇ ಇದ್ದ ಕೊಡಂಗಲ್, ತಾಂಡೂರುಗಳು ಆಂಧ್ರಕ್ಕೆ ಹೋದವು. ಚಿಂಚೋಳಿ, ಸೇಡಂಗಳ ಎಷ್ಟೋ ಮನೆತನಗಳ ಹೊಲ ಈಚೆ, ಬಂಧುಬಳಗ ಆಚೆ, ಕಾಗದ ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ. ಮೊಗಲರ ಕಾಲದ ಕಾಗದಗಳೇ ಅಲ್ಲಿ ಲಕ್ಷ ದಾಟುತ್ತವೆ. ಊರಿನಲ್ಲಿ ಉಳಿದದ್ದು ಪಟೇಲ, ಪಟವಾರಿಗಳ ಮನೆಯ ಬಟ್ಟೆಗಂಟು, ತಹಶೀಲ್ದಾರ್ ಕಚೇರಿಯ ದಾಖಲೆ ಕೋಣೆ, ದರ್ಗಾ ಮಠಗಳ ಪೆಟ್ಟಿಗೆ. ಒಂದು ಹಳೆಯ ಉರ್ದು ಕಾಗದದ ಮೇಲೆ ಕಂದಾಯದ ಲೆಕ್ಕದ ವರ್ಷವಾಗಿ 1358 ಫಸಲಿ ಎಂದಿದ್ದರೆ ಅದು 1948–49ರ ಕಾಗದ ಎಂದು ಹೇಳಬಲ್ಲವರು ಹಿಂದೆ ಪ್ರತಿ ದೊಡ್ಡ ಹಳ್ಳಿಯಲ್ಲೂ ಇದ್ದರು. ಜಾಗೀರುಗಳು ರದ್ದಾದ ವರ್ಷ ಅದು; ಆ ಒಂದು ಅಂಕಿ ತಿಳಿಯದೆ ಹೋದರೆ ಒಕ್ಕಲು ಯಾವಾಗ ಯಾರ ಹೊಲ ಉತ್ತ ಎಂಬುದೇ ತಿಳಿಯುವುದಿಲ್ಲ. 1954–55ರ ಖಾಸ್ರಾ ಪಹಣಿಯನ್ನು ಇಂದಿಗೂ ಕೋರ್ಟಿನಲ್ಲಿ ಹಾಜರುಪಡಿಸುತ್ತಾರೆ. ಇತಿಹಾಸ ಎಂದರೆ ಓದಿದವರ ಹವ್ಯಾಸ ಎಂದುಕೊಂಡ ರೈತನೂ ತನ್ನ ತೊಗರಿ ಹೊಲದ ತಕರಾರು ಎದ್ದ ದಿನ ಆ ಹಾಳೆ ಹುಡುಕಿಕೊಂಡು ಹೋಗಲೇಬೇಕು.

ಹಾಗಾದರೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಮುಗಿಯಿತಲ್ಲ, ಊರಿನ ದಫ್ತರದವನು ಯಾಕೆ ಎಂದು ಈ ಕಾಲದವರು ಕೇಳುತ್ತಾರೆ. ಸ್ಕ್ಯಾನ್ ಮಾಡುವುದು ಅತ್ಯವಶ್ಯ, ಅದಕ್ಕೆ ಎರಡು ಮಾತಿಲ್ಲ. ಆದರೆ ಯಂತ್ರ ತನಗೆ ಕೊಟ್ಟ ಹಾಳೆಯ ಚಿತ್ರ ತೆಗೆಯುತ್ತದೆ. ಯಾವ ಹಾಳೆ ಕೊಡಬೇಕು ಎಂದು ಅದಕ್ಕೆ ಗೊತ್ತಿಲ್ಲ. ಭೂಮಿ ಯೋಜನೆ ನಮ್ಮ ಪಹಣಿಯನ್ನು ಕಂಪ್ಯೂಟರಿಗೆ ತಂದು ರೈತರಿಗೆ ದೊಡ್ಡ ಅನುಕೂಲ ಮಾಡಿತು. ಆದರೆ ಪಹಣಿಯ ಬೆನ್ನ ಹಿಂದಿನ ಫಸಲಿ ಕಾಲದ ಕಟ್ಟುಗಳು ಆ ಯೋಜನೆಯ ಉದ್ದೇಶವೇ ಆಗಿರಲಿಲ್ಲ. ಕಟ್ಟು ಬಿಚ್ಚಿ ಹಾಳೆ ಕಲಸಿದರೆ, ಯಾವ ಅರ್ಜಿಗೆ ಯಾವ ಹುಕುಂ ಎಂಬ ನಂಟು ತಪ್ಪುತ್ತದೆ. ಆಮೇಲೆ ಹತ್ತು ಸಾವಿರ ಚಿತ್ರ ಇದ್ದರೂ ಅವು ಹತ್ತು ಸಾವಿರ ಬಿಡಿ ಹಾಳೆಗಳೇ. ಅದನ್ನು ಸರಿಯಾಗಿ ಕಟ್ಟಿಡಬಲ್ಲವರು ಶಿಕಸ್ತಾ ಎಂಬ ಅವಸರದ ಉರ್ದು ಕೈಬರಹ ಓದಬಲ್ಲ, ಊರಿನ ಹಳೆಯ ಹೊಲದ ಹೆಸರು ಬಲ್ಲ, ಮನೆತನದ ಅಡ್ಡಹೆಸರು ಬಲ್ಲ ಮನುಷ್ಯರು.

ವಾಡಿಗೂ ಶಹಾಬಾದಿಗೂ ಬಂದಾಗ ಮಾತು ಇನ್ನೊಂದು ಹೊರಳು ತೆಗೆದುಕೊಳ್ಳುತ್ತದೆ. ವಾಡಿಯಲ್ಲಿ ರಾಜರ ಕೋಟೆಯ ಕಥೆ ಹುಡುಕಿ ಫಲವಿಲ್ಲ. 1874ರಲ್ಲಿ ಸಿಕಂದರಾಬಾದಿನ ನಿಜಾಮರ ರೈಲು ಮುಂಬಯಿಯ ದೊಡ್ಡ ಹಾದಿಗೆ ಬಂದು ಕೂಡಿದ್ದರಿಂದ ಅದು ಊರಾಗಿ ಬೆಳೆಯಿತು, 1968ರಲ್ಲಿ ಸಿಮೆಂಟ್ ಕಾರ್ಖಾನೆ ಬಂದು ಇನ್ನೂ ಬೆಳೆಯಿತು. ಶಹಾಬಾದ್ ಎಂದರೆ ದಕ್ಷಿಣ ಭಾರತದ ಮನೆಮನೆಯ ನೆಲಕ್ಕೆ ಹಾಸಿದ ಫರ್ಸಿ ಕಲ್ಲು. ಇಂಥ ಊರುಗಳಿಗೆ ಇತಿಹಾಸ ಎಲ್ಲಿಂದ ಎಂದು ಕೇಳುವವರಿದ್ದಾರೆ. ರೈಲ್ವೆ ನೌಕರರ ಹಾಜರಿ ಪುಸ್ತಕ, ಖಣಿ ಮಾಲೀಕರ ಖಾತೆ, ಮುಷ್ಕರದ ದಿನ ಹಂಚಿದ ಕರಪತ್ರ, ಮುಚ್ಚಿಹೋದ ಕಾರ್ಖಾನೆಯ ಪಗಾರದ ಚೀಟಿ, ಕಾರ್ಮಿಕರ ವಸಾಹತಿನ ಶಾಲೆಯ ದಾಖಲಾತಿ ಪುಸ್ತಕ: ಇವೇ ಆ ಊರಿನ ಶಾಸನಗಳು. ಎಲ್ಲೆಲ್ಲಿಂದ ಜನ ದುಡಿಯಲು ಬಂದರು, ಯಾವ ಮಾತು ಆಡುತ್ತಿದ್ದರು, ಎಷ್ಟು ಕೂಲಿ, ಯಾವ ವರ್ಷ ಕೆಲಸ ನಿಂತಿತು ಎಂಬುದಕ್ಕೆ ಬೇರೆ ಸಾಕ್ಷಿ ಇಲ್ಲ. ಕಲ್ಲಿನ ಶಾಸನ ಸಾವಿರ ವರ್ಷ ಓದುವವರಿಗಾಗಿ ಕಾಯಬಲ್ಲದು. ಪಗಾರದ ಚೀಟಿ ಒಂದು ಮಳೆಗಾಲವನ್ನೂ ಕಾಯಲಾರದು. ಆದ್ದರಿಂದ ಅವಸರ ಹಂಪಿಗಿಂತ, ಮಳಖೇಡಕ್ಕಿಂತ ವಾಡಿಗೇ ಹೆಚ್ಚು ಎಂದು ನಾನು ನಂಬುತ್ತೇನೆ.

ಶಹಾಬಾದಿನ ಕಲ್ಲಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಸನ್ನತಿ, ಕನಗನಹಳ್ಳಿಗಳ ಶಿಲ್ಪಿಗಳು ಕೆತ್ತಿದ್ದು ಇದೇ ಸೀಮೆಯ ಸುಣ್ಣಕಲ್ಲನ್ನು. ಪದರು ಪದರಾಗಿ ಬಿಡಿಸಿಕೊಳ್ಳುವ, ನುಣುಪಾಗಿ ಕೆತ್ತಿಸಿಕೊಳ್ಳುವ ಆ ಗುಣವೇ ಅದನ್ನು ಹಿಂದೆ ಶಿಲ್ಪಕ್ಕೆ ಒದಗಿಸಿತು, ಇಂದು ನೆಲಹಾಸಿಗೆ ಒದಗಿಸಿದೆ. ಅದರೊಳಗಿನ ಸುಣ್ಣ ಸಿಮೆಂಟಿಗೆ ಹೋಗುತ್ತದೆ. ಅಂದರೆ ನಮ್ಮ ಭಾಗದಲ್ಲಿ ಇತಿಹಾಸ ಬರೆದ ಹಾಳೆಯೂ, ಜನರಿಗೆ ಅನ್ನ ಕೊಡುವ ಕಚ್ಚಾ ಮಾಲೂ ಒಂದೇ ಕಲ್ಲು. ಖಣಿ ನಿಲ್ಲಿಸಿ ಎಂದು ಹೇಳುವುದು ಸುಲಭ. ಸೇಡಂ, ಚಿತ್ತಾಪುರ, ಶಹಾಬಾದಿನ ಸಾವಿರಾರು ಮನೆಗಳ ಒಲೆ ಅದರ ಮೇಲೇ ಉರಿಯುತ್ತಿದೆ. ದುಡಿಮೆ ನಿಲ್ಲಿಸಬೇಕು ಎನ್ನುವ ಇತಿಹಾಸಪ್ರೇಮದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಖಣಿ ತೆರೆಯುವ ಮೊದಲು ಆ ಸರ್ವೆ ನಂಬರಿನಲ್ಲಿ ಏನಿದೆ ಎಂದು ನೋಡಿ ಬರೆದಿಟ್ಟರೆ ಯಾರ ಕೂಲಿಯೂ ಹೋಗುವುದಿಲ್ಲ. ಆ ಬರಹ ಇಲ್ಲದಾಗಲೇ ಜಗಳ ಹುಟ್ಟುವುದು. ಒಡೆದ ಮೇಲೆ ಇಲ್ಲಿ ಗುಡಿ ಇತ್ತು ಎನ್ನುವವರೂ, ಏನೂ ಇರಲಿಲ್ಲ ಎನ್ನುವವರೂ ಸಮನಾಗಿ ಕೂಗಾಡುತ್ತಾರೆ, ಇಬ್ಬರ ಕೈಯಲ್ಲೂ ದಾಖಲೆ ಇರುವುದಿಲ್ಲ.

ಚಿಂಚೋಳಿಯ ಕಾಡು, ತಾಂಡಾಗಳ ಕಡೆ ಹೋದರೆ ಕಾಗದವೂ ಕಡಿಮೆ. ಲಂಬಾಣಿಗರ ವಂಶಾವಳಿ, ವಲಸೆಯ ಕಥೆ ಹಾಡುವವರ ನೆನಪಿನಲ್ಲಿದೆ. ಬಾಯಿಮಾತು ಪ್ರಮಾಣವಲ್ಲ ಎನ್ನುವ ನಿಯಮವನ್ನು ಇಲ್ಲಿ ಕಣ್ಣುಮುಚ್ಚಿ ಹಿಡಿದರೆ ಇಡೀ ತಾಂಡಾಕ್ಕೇ ಇತಿಹಾಸವಿಲ್ಲ ಎಂದ ಹಾಗಾಗುತ್ತದೆ. ಹಾಡನ್ನು ಧ್ವನಿಮುದ್ರಿಸಬೇಕು, ಹಾಡಿದವರ ಹೆಸರು, ಊರು, ತಾರೀಖು ಬರೆಯಬೇಕು, ಆಮೇಲೆ ಕಂದಾಯದ ಕಾಗದದ ಪಕ್ಕ ಇಟ್ಟು ಹೋಲಿಸಬೇಕು. ಎರಡೂ ಹೊಂದಿದರೆ ಸರಿ, ಹೊಂದದಿದ್ದರೆ ಅದನ್ನೂ ಬರೆದಿಡಬೇಕು.

ಖರ್ಚು ಯಾರು ಮಾಡುವುದು ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ಇದಕ್ಕೆ ಹೊಸ ಕಟ್ಟಡ, ಹೊಸ ಇಲಾಖೆ ಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಮೇಲ್ವಿಚಾರಕರಿದ್ದಾರೆ, ಕಂಪ್ಯೂಟರ್ ಇರುವ ಕಡೆಯೂ ಉಂಟು. ಒಂದು ಕಪಾಟು, ಒಂದು ದಪ್ಪ ರಿಜಿಸ್ಟರು ಸಾಕು, ಮೊದಲಿಗೆ. ಊರಿನ ಶಾಸನ, ವೀರಗಲ್ಲು, ಹಳೆ ಬಾವಿ, ಮಸೀದಿಯ ಬರಹ, ಯಾರ ಮನೆಯಲ್ಲಿ ಯಾವ ಕಾಗದ ಎಂಬ ಪಟ್ಟಿ ಅದರಲ್ಲಿ ಬರಲಿ. ಕಾಗದ ಮನೆಯವರ ಬಳಿಯೇ ಇರಲಿ, ಪಟ್ಟಿ ಊರಿನದಾಗಲಿ. ಆಸ್ತಿ ಹೋದೀತೆಂಬ ಭಯಕ್ಕೆ ಅದೇ ಉತ್ತರ. ಕಲಬುರಗಿಯ ವಿಶ್ವವಿದ್ಯಾಲಯ, ಕಾಲೇಜುಗಳ ಕನ್ನಡ, ಉರ್ದು, ಇತಿಹಾಸ ವಿಭಾಗಗಳು ಕೂಡಿ ವರ್ಷಕ್ಕೊಂದು ಸಲ ಹತ್ತು ದಿನದ ತರಬೇತಿ ನಡೆಸಲಿ. ಹಳಗನ್ನಡ ಲಿಪಿ ಒಂದು ಪಾಠ, ಶಿಕಸ್ತಾ ಉರ್ದು ಒಂದು ಪಾಠ, ಮೋಡಿ ಒಂದು ಪಾಠ, ಫಸಲಿ ವರ್ಷದ ಲೆಕ್ಕ ಒಂದು ಪಾಠ. ಈ ನಾಲ್ಕರಲ್ಲಿ ಶಿಕಸ್ತಾ ಮತ್ತು ಮೋಡಿಯನ್ನು ಮೊದಲು ಹಿಡಿಯಬೇಕು. ಹಳಗನ್ನಡ ಲಿಪಿ ಓದಲು ಪುಸ್ತಕಗಳಿವೆ, ಅಧ್ಯಾಪಕರಿದ್ದಾರೆ. ಪಟವಾರಿಯ ಅವಸರದ ಕೈಬರಹವನ್ನು ಓದಬಲ್ಲವರು ನಮ್ಮ ಹಳ್ಳಿಗಳಲ್ಲಿ ಈಗ ಎಂಬತ್ತು ದಾಟಿದ ಹಿರಿಯರು ಮಾತ್ರ, ಅವರ ಪಕ್ಕ ಕೂತು ಕಲಿಯುವ ಅವಕಾಶ ಇನ್ನು ಕೆಲವೇ ವರ್ಷದ್ದು.